ಓದಿಸುವವರಿಲ್ಲದ ಮೊದಲ ವರ್ಷ

ಪಿಯುಸಿಯಲ್ಲಿ ತೊಂಬತ್ತರ ಮೇಲೆ ಅಂಕ ತೆಗೆದ ಮಕ್ಕಳು ಕಾಲೇಜಿನ ಮೊದಲ ಇಂಟರ್ನಲ್ಸ್‌ನಲ್ಲೇ ಮುಗ್ಗರಿಸುವುದೇಕೆ? ಎದ್ದು ನಿಲ್ಲಲು ಅವರಿಗೆ ಯಾರು, ಹೇಗೆ ಆಸರೆಯಾಗಬಹುದು?

ಮಧ್ಯಾಹ್ನದ ಊಟ ಮುಗಿದ ಮೇಲಿನ ಮೊದಲ ಪೀರಿಯಡ್. ಗಣಿತದ ಮೇಡಂ ನೀಲಿ ಹೊದಿಕೆಯ ಪುಸ್ತಕಗಳ ಕಟ್ಟೊಂದನ್ನು ಎದೆಗೊತ್ತಿಕೊಂಡು ಒಳಗೆ ಬರುತ್ತಾರೆ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇದಕ್ಕೆ ‘ಬ್ಲೂ ಬುಕ್’ ಎಂದೇ ಹೆಸರು. ಇಂಟರ್ನಲ್ ಪರೀಕ್ಷೆಯ ಉತ್ತರ ಬರೆಯುವುದು ಇದರಲ್ಲೇ. ಹೆಸರು ಕೂಗಿದಂತೆ ಒಬ್ಬೊಬ್ಬರೇ ಎದ್ದು ಹೋಗಿ ತರುತ್ತಾರೆ. ಮೂರನೇ ಬೆಂಚಿನ ಹುಡುಗ ತನ್ನದನ್ನು ಪೂರ್ತಿ ತೆರೆಯುವುದಿಲ್ಲ. ಹೊದಿಕೆಯ ಮೂಲೆಯನ್ನಷ್ಟೇ ಎತ್ತಿ ಇಣುಕುತ್ತಾನೆ. 50ಕ್ಕೆ 14. ಕೆಲವೇ ತಿಂಗಳ ಹಿಂದೆ ಇದೇ ಗಣಿತದಲ್ಲಿ 100ಕ್ಕೆ 96 ತೆಗೆದು, ಊರ ಬಸ್ ಸ್ಟ್ಯಾಂಡಿನ ಫ್ಲೆಕ್ಸ್ ಮೇಲೆ ನಗುತ್ತಿದ್ದವನು ಇವನೇ.

ರಾತ್ರಿ ಒಂಬತ್ತಕ್ಕೆ ಊರಿಂದ ಫೋನು. ‘ಊಟ ಆಯ್ತಾ ಮಗಾ? ಓದ್ತಾ ಇದ್ದೀಯಾ?’ ‘ಹ್ಞೂಂ ಅಪ್ಪಾ, ಓದ್ತಾ ಇದ್ದೀನಿ.’ ಅದು ಸುಳ್ಳೇನಲ್ಲ. ಅವನು ನಿಜಕ್ಕೂ ಓದುತ್ತಿದ್ದಾನೆ, ಪಿಯುಸಿಯಲ್ಲಿ ಹೇಗೆ ಓದುತ್ತಿದ್ದನೋ ಹಾಗೆಯೇ. ತೊಡಕು ಇರುವುದೂ ಅಲ್ಲೇ.

ಪ್ರತಿವರ್ಷ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ, ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಈ ದೃಶ್ಯ ಮರುಕಳಿಸುತ್ತದೆ. ‘ಹುಡುಗ ಹಾಸ್ಟೆಲ್ ಸೇರಿ ಹಾಳಾದ’, ‘ಮೊಬೈಲ್ ಕೈಗೆ ಬಂತು, ಓದು ಹೋಯ್ತು’ ಎಂದು ನಾವು ತೀರ್ಪು ಕೊಟ್ಟುಬಿಡುತ್ತೇವೆ. ಮೊಬೈಲಿನ ಪಾಲು ಇಲ್ಲವೆಂದಲ್ಲ. ಆದರೆ ಸೋಮಾರಿಯಲ್ಲದ ಮಕ್ಕಳೂ ಎಡವುತ್ತಾರಲ್ಲ, ಅದಕ್ಕೆ ಕಾರಣ ಬೇರೆಲ್ಲೋ ಇರಬೇಕು.

ಒಂದೇ ಪ್ರತ್ಯಯದ ಅಂತರ

‘ಓದು’, ‘ಓದಿಸು’ – ಕನ್ನಡದಲ್ಲಿ ಇವೆರಡಕ್ಕೂ ಒಂದೇ ಪ್ರತ್ಯಯದ ಅಂತರ. ಪಿಯುಸಿಯಿಂದ ಕಾಲೇಜಿಗೆ ಬರುವ ಮಕ್ಕಳು ದಾಟಬೇಕಾದ್ದು ಈ ಅಂತರವನ್ನೇ.

ಪಿಯುಸಿಯ ಎರಡು ವರ್ಷ, ಅದರಲ್ಲೂ ವಿಜ್ಞಾನ ವಿಭಾಗದಲ್ಲಿ, ಮಕ್ಕಳನ್ನು ಓದಿಸಲಾಗುತ್ತದೆ. ಬೆಳಿಗ್ಗೆ ಐದಕ್ಕೆ ಸ್ಟಡಿ ಅವರ್, ವಾರಕ್ಕೊಂದು ಟೆಸ್ಟು, ಸಂಜೆ ಸಿಇಟಿ ಕೋಚಿಂಗು. ಯಾವ ಪ್ರಶ್ನೆ ಮುಖ್ಯ ಎಂದು ಮೇಷ್ಟ್ರೇ ಗೆರೆ ಎಳೆಸುತ್ತಾರೆ. ಹಿಂದೆ ಬಿದ್ದವರಿಗೆ ‘ಪಾಸಿಂಗ್ ಪ್ಯಾಕೇಜ್’ ಎಂಬ ತೆಳ್ಳನೆಯ ಪುಸ್ತಕ ಕೊಡುತ್ತಾರೆ. ಒಂದು ದಿನ ಕ್ಲಾಸಿಗೆ ಹೋಗದಿದ್ದರೆ ಮನೆಗೆ ಮೆಸೇಜ್ ಹೋಗುತ್ತದೆ. ಯಾವಾಗ, ಎಷ್ಟು, ಏನು, ಯಾವ ಕ್ರಮದಲ್ಲಿ ಓದಬೇಕು ಎಂಬುದನ್ನೆಲ್ಲ ಬೇರೆಯವರು ತೀರ್ಮಾನಿಸಿರುತ್ತಾರೆ. ಮಗು ಮಾಡಬೇಕಾದ್ದು ಕೂತು ಓದುವುದಷ್ಟೇ.

ಕಾಲೇಜಿನಲ್ಲಿ ಸಂಜೆ ನಾಲ್ಕಕ್ಕೆ ಬೆಲ್ ಹೊಡೆದರೆ ಮುಗಿಯಿತು, ಆಮೇಲೆ ಕೇಳುವವರಿಲ್ಲ. ಮೇಷ್ಟ್ರು ಒಂದು ಗಂಟೆಯಲ್ಲಿ ಹತ್ತು ಹನ್ನೆರಡು ಪುಟ ದಾಟಿರುತ್ತಾರೆ. ಉಳಿದದ್ದನ್ನು ‘ರೆಫರ್ ಮಾಡ್ಕೊಳ್ಳಿ’ ಎನ್ನುತ್ತಾರೆ. ಯಾವ ಪುಸ್ತಕದಲ್ಲಿ, ಎಷ್ಟು ಎಂದು ಹೇಳುವುದಿಲ್ಲ. ಅವರ ದೃಷ್ಟಿಯಲ್ಲಿ ಅದು ವಿದ್ಯಾರ್ಥಿಗೆ ಗೊತ್ತಿರಬೇಕಾದ ಸಂಗತಿ. ಆದರೆ ವಿದ್ಯಾರ್ಥಿಗೆ ಅದನ್ನು ಈವರೆಗೆ ಯಾರೂ ಕಲಿಸಿಲ್ಲ. ಸಿಲಬಸ್ ಕಾಪಿ ಹುಡುಕಿ ಯಾವ ಘಟಕ ಎಷ್ಟು ಭಾರದ್ದೆಂದು ನೋಡುವುದು, ವಾರವನ್ನು ತಾನೇ ಹಂಚಿಕೊಳ್ಳುವುದು, ಅರ್ಥವಾಗದ್ದನ್ನು ಗುರುತು ಹಾಕಿಟ್ಟುಕೊಂಡು ಸ್ಟಾಫ್ ರೂಮಿನ ಬಾಗಿಲು ತಟ್ಟುವುದು – ಇವೂ ಕಲಿತೇ ಬರಬೇಕಾದ ವಿದ್ಯೆಗಳು. ಇವಕ್ಕೆ ಪಠ್ಯಪುಸ್ತಕವಿಲ್ಲ.

80 ಸೆಕೆಂಡಿನಿಂದ 20 ಅಂಕಕ್ಕೆ

ಪರೀಕ್ಷೆಯ ಸ್ವರೂಪವೂ ಬದಲಾಗುತ್ತದೆ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಪ್ರಶ್ನೆಯೊಂದಕ್ಕೆ ಸಿಗುವುದು 80 ಸೆಕೆಂಡು. ನಾಲ್ಕು ಉತ್ತರಗಳು ಕಣ್ಣೆದುರೇ ಇರುತ್ತವೆ. ತಪ್ಪಿದರೆ ಅಂಕ ಕಳೆಯುವುದಿಲ್ಲವಾದ್ದರಿಂದ ಊಹೆಗೂ ಜಾಗವಿದೆ. ಎಂಜಿನಿಯರಿಂಗ್ ರ‍್ಯಾಂಕಿನ ಅರ್ಧ ತೂಕ ಈ ಪರೀಕ್ಷೆಯದ್ದು, ಉಳಿದರ್ಧ ಪಿಯುಸಿ ಅಂಕದ್ದು. ಸಹಜವಾಗಿಯೇ ಎರಡು ವರ್ಷದ ತಯಾರಿ ವೇಗದ ಕಡೆಗೆ, ಶಾರ್ಟ್‌ಕಟ್‌ಗಳ ಕಡೆಗೆ ವಾಲುತ್ತದೆ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪ್ರಶ್ನೆಪತ್ರಿಕೆ ಬೇರೆಯೇ ಜಾತಿಯದು. ಐದು ಮಾಡ್ಯೂಲ್, ಪ್ರತಿಯೊಂದರಿಂದ ಎರಡು ಪ್ರಶ್ನೆ, ಒಂದನ್ನು ಬರೆಯಬೇಕು. ಪ್ರತಿ ಪ್ರಶ್ನೆಗೆ 20 ಅಂಕ, ಒಟ್ಟು ಮೂರು ಗಂಟೆ. ಸೂತ್ರ ನೆನಪಿದ್ದರೆ ಸಾಲದು, ಅದು ಎಲ್ಲಿಂದ ಬಂತು ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ತೋರಿಸಬೇಕು. 80 ಸೆಕೆಂಡಿಗೆ ಪಳಗಿದ ಕೈ ಇಲ್ಲಿ ತಡವರಿಸುತ್ತದೆ. ಉತ್ತರ ಗೊತ್ತು, ಉತ್ತರ ಕಟ್ಟುವುದು ಗೊತ್ತಿಲ್ಲ. 50ಕ್ಕೆ 14ರ ಹಿಂದಿನ ಕಥೆ ಎಷ್ಟೋ ಸಲ ಇಷ್ಟೇ.

ತಡವಾಗಿ ತಿಳಿಯುವ ಲೆಕ್ಕ

ಪಿಯುಸಿಯ ಮಿಡ್‌ಟರ್ಮ್, ಪ್ರಿಪರೇಟರಿಗಳಲ್ಲಿ ಕಡಿಮೆ ಬಂದರೂ ವಾರ್ಷಿಕ ಪರೀಕ್ಷೆಯಲ್ಲಿ ಎದ್ದುಬರಬಹುದಿತ್ತು. ‘ಇಂಟರ್ನಲ್ಸ್ ತಾನೇ, ಕೊನೇಲಿ ಓದಿದ್ರಾಯ್ತು’ ಎಂಬ ಮಾತು ಅಲ್ಲಿಂದಲೇ ಮಕ್ಕಳ ಜೊತೆ ಬರುತ್ತದೆ.

ವಿಟಿಯುದ 2022ರ ಸ್ಕೀಮ್‌ನ ಲೆಕ್ಕ ಹೀಗಿದೆ: ಥಿಯರಿ ವಿಷಯದಲ್ಲಿ ಸೆಮಿಸ್ಟರ್ ಉದ್ದಕ್ಕೂ ನಡೆಯುವ ಆಂತರಿಕ ಮೌಲ್ಯಮಾಪನಕ್ಕೆ 50 ಅಂಕ, ಸೆಮಿಸ್ಟರ್ ಕೊನೆಯ ಪರೀಕ್ಷೆಗೆ 50. ಆಂತರಿಕ ಅಂಕಗಳಲ್ಲಿ ಕನಿಷ್ಠ 20, ಕೊನೆಯ ಪರೀಕ್ಷೆಯಲ್ಲಿ ಕನಿಷ್ಠ 18, ಎರಡೂ ಸೇರಿ ಕನಿಷ್ಠ 40 ಬರಬೇಕು. ಮೊದಲ 20 ಬರದಿದ್ದರೆ ಕೊನೆಯ ಪರೀಕ್ಷೆ ಬರೆಯುವ ಅರ್ಹತೆಯೇ ಇಲ್ಲ. ಎಂದರೆ ಈ ಆಟದಲ್ಲಿ ಅರ್ಧ ಪಂದ್ಯ ನಡೆಯುವುದು ಮಕ್ಕಳು ಅದನ್ನು ಅಭ್ಯಾಸವೆಂದು ತಿಳಿದಿರುವಾಗ.

ಹಾಜರಾತಿಯ ಲೆಕ್ಕವೂ ಹಾಗೆಯೇ. ಶೇ 85 ಕಡ್ಡಾಯ. ಒಂದು ವಿಷಯಕ್ಕೆ 40 ಕ್ಲಾಸು ನಡೆದರೆ 34ಕ್ಕೆ ಹಾಜರಿರಬೇಕು, ತಪ್ಪಿಸಬಹುದಾದ್ದು ಆರು ಮಾತ್ರ. ದಸರೆಗೆ ಊರಿಗೆ ಹೋದವರು ಎರಡು ದಿನ ಹೆಚ್ಚಿಗೆ ಉಳಿದು, ದೀಪಾವಳಿಗೆ ಮತ್ತೆರಡು ದಿನ ಸೇರಿಸಿ, ನಡುವೆ ಒಮ್ಮೆ ಜ್ವರ ಬಂದರೆ ಆ ಆರೂ ಖರ್ಚಾಗಿರುತ್ತವೆ. ‘ಶಾರ್ಟೇಜ್’ ಪಟ್ಟಿ ನೋಟಿಸ್ ಬೋರ್ಡಿಗೆ ಬಿದ್ದಾಗಲೇ ಹಲವರಿಗೆ ಈ ಲೆಕ್ಕ ಹೊಳೆಯುವುದು.

ಸೀನಿಯರ್‌ಗಳನ್ನು ಕೇಳೋಣವೆಂದರೆ ಅದಕ್ಕೂ ತೊಡಕು. ವಿಟಿಯುದಲ್ಲಿ 2018, 2021, 2022 ಎಂದು ಸ್ಕೀಮ್‌ಗಳು ಬದಲಾದವು. ಪದವಿ ಕಾಲೇಜುಗಳಲ್ಲಿ 2021-22ಕ್ಕೆ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ವ್ಯವಸ್ಥೆ ಬಂತು. 2024-25ಕ್ಕೆ ಮತ್ತೆ ಮೂರು ವರ್ಷದ ಪದವಿ. ಅಣ್ಣನ ನೋಟ್ಸ್ ತಮ್ಮನಿಗೆ ಹೊಂದುವುದಿಲ್ಲ. ಕಾಲೇಜಿನೆದುರಿನ ಜೆರಾಕ್ಸ್ ಅಂಗಡಿಯಲ್ಲಿ ಹಳೆಯ ಸ್ಕೀಮಿನ ಪ್ರಶ್ನೆಪತ್ರಿಕೆ ಕೊಂಡು ಓದಿದವರೂ ಇದ್ದಾರೆ.

ಭಾಷೆಯ ಹೊಸ್ತಿಲು

ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿವರೆಗೆ ಓದಿದವರ ಹೊರೆ ಇನ್ನೂ ಒಂದು ಪಟ್ಟು ಹೆಚ್ಚು. ಜಡತ್ವ, ಸಂವೇಗ, ವೇಗೋತ್ಕರ್ಷ ಎಂದು ಕಲಿತವರು ಪಿಯುಸಿಯಲ್ಲಿ ಅವನ್ನೆಲ್ಲ ಇಂಗ್ಲಿಷಿಗೆ ಬದಲಿಸಿಕೊಂಡಿರುತ್ತಾರೆ. ಪದಗಳೇನೋ ಬಂದಿವೆ, ವಾಕ್ಯ ಇನ್ನೂ ಕೈಗೆ ಹತ್ತಿಲ್ಲ. ಟಿಕ್ ಹಾಕುವ ಪರೀಕ್ಷೆಯಲ್ಲಿ ಈ ಕೊರತೆ ಕಾಣಿಸದು. 20 ಅಂಕದ ಉತ್ತರ ಬರೆಯುವಾಗ ಎದ್ದು ಕಾಣುತ್ತದೆ.

ತೋಟದ ಡೀಸೆಲ್ ಪಂಪ್‌ಸೆಟ್ಟನ್ನು ಅಪ್ಪನ ಜೊತೆ ಬಿಚ್ಚಿ ಕಟ್ಟಿದ ಹುಡುಗನೊಬ್ಬನನ್ನು ನೆನೆಸಿಕೊಳ್ಳಿ. ಗಾಳಿ ಯಾವಾಗ ಒಳಗೆ ಹೋಗುತ್ತದೆ, ಯಾವಾಗ ಒತ್ತಡಕ್ಕೆ ಸಿಗುತ್ತದೆ, ಹೊಗೆ ಯಾವಾಗ ಹೊರಗೆ ಬರುತ್ತದೆ – ಎಲ್ಲ ಅವನ ಬೆರಳ ತುದಿಯಲ್ಲಿದೆ. ಪರೀಕ್ಷೆಯಲ್ಲಿ ಫೋರ್ ಸ್ಟ್ರೋಕ್ ಡೀಸೆಲ್ ಎಂಜಿನ್ ಬಗ್ಗೆ ‘ಎಕ್ಸ್‌ಪ್ಲೇನ್ ವಿತ್ ಎ ನೀಟ್ ಸ್ಕೆಚ್’ ಎಂದು ಕೇಳಿದರೆ ಅವನು ಒಂದು ಪುಟ ತುಂಬ ಬರೆಯುತ್ತಾನೆ, ಚಿತ್ರ ಬಿಡಿಸುವುದಿಲ್ಲ. ಆ ‘ವಿತ್ ಎ ನೀಟ್ ಸ್ಕೆಚ್’ಗೆ ಪ್ರತ್ಯೇಕ ಅಂಕವಿರುತ್ತದೆ ಎಂದು ಅವನಿಗೆ ಯಾರೂ ಹೇಳಿಲ್ಲ. ‘ಡಿರೈವ್’ ಎಂದರೆ ಸೂತ್ರ ಬರೆದರಾಯಿತು ಎಂದುಕೊಂಡಿದ್ದಾನೆ. ‘ಡಿಸ್ಕಸ್’, ‘ಜಸ್ಟಿಫೈ’, ‘ಡಿಫರೆನ್ಷಿಯೇಟ್ ಬಿಟ್ವೀನ್’ – ಇಂಥ ಹತ್ತು ಹನ್ನೆರಡು ಆಜ್ಞೆಗಳು ಏನನ್ನು ಬೇಡುತ್ತವೆ ಎಂದು ಕನ್ನಡದಲ್ಲಿ ವಿವರಿಸಲು ಒಂದು ಗಂಟೆ ಸಾಕು. ಆ ಒಂದು ಗಂಟೆ ಯಾವ ಟೈಮ್‌ಟೇಬಲಿನಲ್ಲೂ ಇಲ್ಲ.

ಸಿಇಟಿ ಸೀಟು ಹಂಚಿಕೆಯಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ಬಾಗಿಲು ತೆರೆಯಲು ಸರ್ಕಾರ ವಹಿಸಿದ ಕಾಳಜಿ ಒಳಗೆ ಬಂದವರನ್ನು ಕೂರಿಸುವುದರಲ್ಲಿ ಅಷ್ಟಾಗಿ ಕಾಣುವುದಿಲ್ಲ. ವಿಟಿಯು ಮೊದಲ ವರ್ಷದಲ್ಲಿ ಹೊರನಾಡಿನಿಂದ ಬಂದವರಿಗೆ ‘ಬಳಕೆ ಕನ್ನಡ’ ಕಲಿಸುತ್ತದೆ, ಅದು ಸ್ವಾಗತಾರ್ಹ. ಕನ್ನಡದಿಂದ ಬಂದವರಿಗೆ ಸಿಗುವುದು ಎಲ್ಲರಿಗೂ ಸಮಾನವಾದ, ಒಂದೇ ಕ್ರೆಡಿಟ್ಟಿನ ಇಂಗ್ಲಿಷ್ ಪಾಠ.

ಪದವಿ ಕಾಲೇಜುಗಳ ಕಥೆ ಬೇರೆಯಿಲ್ಲ. ಪಿಯುಸಿಯಲ್ಲಿ ಅಕೌಂಟೆನ್ಸಿಯನ್ನೇ ಓದದವರು ಬಿ.ಕಾಂ. ಸೇರಿರುತ್ತಾರೆ, ಮೊದಲ ವಾರದಲ್ಲೇ ಜರ್ನಲ್ ಎಂಟ್ರಿ ಎದುರಾಗುತ್ತದೆ. ಕಂಪ್ಯೂಟರನ್ನು ಮುಟ್ಟಿ ನೋಡದವರು ಬಿಸಿಎ ಸೇರಿರುತ್ತಾರೆ. ಇವರಲ್ಲಿ ಹಲವರು ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಸಂಜೆ ಅಂಗಡಿಯಲ್ಲೋ ಡೆಲಿವರಿಯಲ್ಲೋ ದುಡಿಯುವವರು. ಕೊನೆಯ ಪೀರಿಯಡ್ ತಪ್ಪಿಸಿ ಬಸ್ ಹಿಡಿಯದಿದ್ದರೆ ಊರು ತಲುಪಲಾಗದವರು.

ಮೂರು ವಾರದ ಇಂಡಕ್ಷನ್

ಈ ತೊಡಕು ದೆಹಲಿಯವರಿಗೆ ಗೊತ್ತಿಲ್ಲವೆಂದಲ್ಲ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು (ಎಐಸಿಟಿಇ) ಹೊಸ ವಿದ್ಯಾರ್ಥಿಗಳಿಗೆ ಮೂರು ವಾರದ ಇಂಡಕ್ಷನ್ ಕಾರ್ಯಕ್ರಮವನ್ನು ಕಡ್ಡಾಯ ಮಾಡಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2019ರಲ್ಲಿ ‘ದೀಕ್ಷಾರಂಭ’ ಎಂಬ ಮಾರ್ಗಸೂಚಿ ತಂದಿತು. ಸುಮಾರು 20 ವಿದ್ಯಾರ್ಥಿಗಳಿಗೆ ಒಬ್ಬ ಮೆಂಟರ್, ಆಟ, ಕಲೆ, ಊರು ಸುತ್ತಾಟ, ಹಿಂದುಳಿದ ವಿಷಯಗಳಿಗೆ ಪೂರಕ ಪಾಠ – ಕಾಗದದ ಮೇಲೆ ಇದು ಸೊಗಸಾದ ಯೋಜನೆ.

ನಡೆಯುವುದು ಹೇಗೆ? ಎಷ್ಟೋ ಕಡೆ ದೀಪ ಬೆಳಗಿ, ಹಾರ ಹಾಕಿ, ಸಾಧಕರ ಭಾಷಣ ಕೇಳಿಸಿದರೆ ಇಂಡಕ್ಷನ್ ಮುಗಿಯಿತು. ಕೌನ್ಸೆಲಿಂಗಿನ ಕೊನೆಯ ಸುತ್ತಿನಲ್ಲಿ ಸೀಟು ಪಡೆದು ಬರುವವರಿಗೆ ಅದೂ ಸಿಗದು. ಅವರು ಬಂದಿಳಿಯುವಾಗ ಮೊದಲ ಮಾಡ್ಯೂಲ್ ಅರ್ಧ ಆಗಿರುತ್ತದೆ. ತೀರ ಬೇಕಾದವರೇ ತೀರ ತಡವಾಗಿ ಬರುವವರು. ಮೆಂಟರ್ ಎಂಬುವರು ಸೆಮಿಸ್ಟರಿಗೆ ಎರಡು ಸಲ ಫಾರ್ಮಿಗೆ ಸಹಿ ಹಾಕಿಸಿಕೊಳ್ಳುವ ಮೇಷ್ಟ್ರಾಗಿ ಉಳಿದುಬಿಡುತ್ತಾರೆ.

ಬರ್ಕ್ಲಿಯಲ್ಲಿ ಕಂಡದ್ದು

ಹಾಗಾದರೆ ಏನು ಮಾಡಿದರೆ ಉಪಯೋಗ? 1970ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೀಸ್ಮನ್ ಎಂಬ ಸಂಶೋಧನಾ ವಿದ್ಯಾರ್ಥಿಯನ್ನು ಒಂದು ಪ್ರಶ್ನೆ ಕಾಡಿತು. ಮೊದಲ ವರ್ಷದ ಕ್ಯಾಲ್ಕುಲಸ್‌ನಲ್ಲಿ ಆಫ್ರಿಕನ್-ಅಮೆರಿಕನ್ ವಿದ್ಯಾರ್ಥಿಗಳು ಹೆಚ್ಚಾಗಿ ಸೋಲುತ್ತಿದ್ದರು, ಚೀನೀ ಮೂಲದವರು ಗೆಲ್ಲುತ್ತಿದ್ದರು. ಪ್ರಾಧ್ಯಾಪಕರನ್ನು ಕೇಳಿದರೆ ಉತ್ತರ ಸಿದ್ಧವಿತ್ತು: ಆಸಕ್ತಿ ಕಡಿಮೆ, ತಳಪಾಯ ಸಾಲದು, ಮನೆಯ ಬೆಂಬಲವಿಲ್ಲ, ಬಡತನ.

ಟ್ರೀಸ್ಮನ್ ಎರಡೂ ಕಡೆಯಿಂದ ಇಪ್ಪತ್ತಿಪ್ಪತ್ತು ವಿದ್ಯಾರ್ಥಿಗಳನ್ನು ಆರಿಸಿ, ಅವರು ಓದುವುದನ್ನು ತಿಂಗಳುಗಟ್ಟಲೆ ಹತ್ತಿರದಿಂದ ನೋಡಿದರು. ಪ್ರಾಧ್ಯಾಪಕರ ಯಾವ ಕಾರಣವೂ ನಿಲ್ಲಲಿಲ್ಲ. ಕಂಡ ವ್ಯತ್ಯಾಸ ಬೇರೆ. ಸೋಲುತ್ತಿದ್ದವರು ಹೇಳಿದಷ್ಟೂ ಹೊತ್ತು ಶ್ರದ್ಧೆಯಿಂದ ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. ಗೆಲ್ಲುತ್ತಿದ್ದವರು ಒಂಟಿಯಾಗಿ ಓದಿ ಆಮೇಲೆ ಗುಂಪು ಸೇರುತ್ತಿದ್ದರು. ಉತ್ತರ ತಾಳೆ ನೋಡುತ್ತಿದ್ದರು, ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದುತ್ತಿದ್ದರು. ತಾವು ಎಲ್ಲಿ ನಿಂತಿದ್ದೇವೆ ಎಂಬುದು ಅವರಿಗೆ ಪರೀಕ್ಷೆಗೆ ಮೊದಲೇ ಗೊತ್ತಿರುತ್ತಿತ್ತು. ಲೆಕ್ಕ ಬಿಡಿಸಲಾಗದಿದ್ದರೆ ‘ನಾನು ದಡ್ಡ’ ಎನ್ನದೆ ‘ಲೆಕ್ಕ ಕಷ್ಟದ್ದು’ ಎನ್ನಲು ಅವರಿಗೆ ಜೊತೆಗಾರರ ಸಾಕ್ಷಿಯಿತ್ತು.

ಟ್ರೀಸ್ಮನ್ ಆಮೇಲೆ ಕಟ್ಟಿದ ಕಾರ್ಯಾಗಾರದಲ್ಲಿ ಹಳೇ ಪಾಠ ಮತ್ತೆ ಹೇಳಿಕೊಡಲಿಲ್ಲ. ಹೆಚ್ಚು ಕಷ್ಟದ ಲೆಕ್ಕಗಳನ್ನು ಕೊಟ್ಟು ಗುಂಪಿನಲ್ಲಿ ಬಿಡಿಸಲು ಕೂರಿಸಿದರು. ಸೋಲುತ್ತಿದ್ದವರ ಫಲಿತಾಂಶ ಗಮನಾರ್ಹವಾಗಿ ಮೇಲೆದ್ದಿತು. 1973ರಲ್ಲೇ ಮಿಸೌರಿ ವಿಶ್ವವಿದ್ಯಾಲಯದ ಕಾನ್ಸಾಸ್ ಸಿಟಿ ಶಾಖೆಯಲ್ಲಿ ಡಿಯಾನಾ ಮಾರ್ಟಿನ್ ಇನ್ನೊಂದು ದಾರಿ ಹಿಡಿದಿದ್ದರು: ‘ದಡ್ಡ ವಿದ್ಯಾರ್ಥಿ’ಗಳನ್ನು ಹುಡುಕುವ ಬದಲು ‘ಕಷ್ಟದ ವಿಷಯ’ಗಳನ್ನು ಗುರುತಿಸುವುದು. ಆ ವಿಷಯದಲ್ಲಿ ಹಿಂದೆ ಚೆನ್ನಾಗಿ ಪಾಸಾದ ಸೀನಿಯರ್ ಒಬ್ಬರು ಮತ್ತೆ ಅದೇ ಕ್ಲಾಸಿನಲ್ಲಿ ಕೂತು, ಹೊರಗೆ ಗುಂಪು ನಡೆಸುತ್ತಾರೆ. ಯಾರು ಬೇಕಾದರೂ ಬರಬಹುದು. ಬಂದವರ ಹಣೆಗೆ ‘ಸ್ಲೋ ಲರ್ನರ್’ ಎಂಬ ಚೀಟಿ ಅಂಟುವುದಿಲ್ಲ.

ನಮ್ಮ ಹಾಸ್ಟೆಲುಗಳಲ್ಲಿ ಇದಕ್ಕೆ ಖರ್ಚೇನೂ ಇಲ್ಲ. ನಾಲ್ಕು ಜನ, ಒಂದು ಬೋರ್ಡು, ಕನ್ನಡದಲ್ಲಿ ವಾದ, ಇಂಗ್ಲಿಷಿನಲ್ಲಿ ಉತ್ತರ. ವಿಷಯ ತಿಳಿಯುವುದು ತಾಯ್ನುಡಿಯಲ್ಲಿ, ಬರೆಯುವುದು ಪರೀಕ್ಷೆಯ ನುಡಿಯಲ್ಲಿ. ಎರಡಕ್ಕೂ ನಡುವಿನ ಸೇತುವೆ ಗೆಳೆಯರ ಮಾತು.

ಪುಸ್ತಕ ಮುಚ್ಚಿ ಓದುವುದು

ಓದುವ ಬಗೆಯನ್ನೂ ತುಸು ಬದಲಿಸಬೇಕು. 2006ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಒಂದು ಸರಳ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಗದ್ಯಭಾಗಗಳನ್ನು ಕೊಟ್ಟು, ಒಂದನ್ನು ಎರಡು ಸಲ ಓದಿಸಿದರು. ಇನ್ನೊಂದನ್ನು ಒಂದೇ ಸಲ ಓದಿಸಿ, ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆಸಿದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ್ದೇ ಮೇಲಾಯಿತು: ಶೇ 81ಕ್ಕೆ ಶೇ 75. ಒಂದು ವಾರ ಬಿಟ್ಟು ಕೇಳಿದಾಗ ತಿರುವುಮುರುವು: ಎರಡು ಸಲ ಓದಿದ್ದು ಶೇ 42ರಷ್ಟು ನೆನಪಿತ್ತು, ಓದಿ ಬರೆದದ್ದು ಶೇ 56.

ಹಿಂದಿನ ರಾತ್ರಿ ತಿರುವಿಹಾಕಿದ್ದು ಬೆಳಿಗ್ಗೆಯ ಪರೀಕ್ಷೆಗೆ ಯಾಕೆ ಸಾಕಾಗುತ್ತದೆ, ಸೆಮಿಸ್ಟರ್ ಕೊನೆಗೆ ಯಾಕೆ ಉಳಿಯುವುದಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ. ಮತ್ತೆ ಮತ್ತೆ ಓದುವಾಗ ‘ಗೊತ್ತು’ ಅನ್ನಿಸುವುದೇ ಮೋಸ. ಕ್ಲಾಸ್ ಮುಗಿದ ಸಂಜೆ ಒಂದು ಖಾಲಿ ಹಾಳೆ ತೆಗೆದು, ನೋಟ್ಸ್ ಮುಚ್ಚಿ, ಇವತ್ತು ಏನಾಯಿತು ಎಂದು ಹತ್ತು ನಿಮಿಷ ಬರೆಯುವುದು. ಎಲ್ಲಿ ಪೆನ್ನು ನಿಲ್ಲುತ್ತದೋ ಅದನ್ನಷ್ಟೇ ತೆರೆದು ನೋಡುವುದು. ನಮ್ಮ ಅಜ್ಜಂದಿರು ಮಗ್ಗಿ ಒಪ್ಪಿಸುತ್ತಿದ್ದದ್ದೂ ಪುಸ್ತಕ ಮುಚ್ಚಿಯೇ.

ಮೊದಲ ಆರು ವಾರ

ಕಾಲೇಜು ಮಾಡಬಹುದಾದ್ದು ಬಹಳವಿಲ್ಲ, ಆದರೆ ಬೇಗ ಮಾಡಬೇಕು. ಮೊದಲ ಇಂಟರ್ನಲ್ಸ್‌ಗೆ ಮುಂಚೆ, ಎರಡನೇ ವಾರದಲ್ಲೇ, ಅಂಕಕ್ಕೆ ಸೇರದ ಒಂದು ಸಣ್ಣ ಟೆಸ್ಟ್ ಕೊಟ್ಟು ಮರುದಿನವೇ ತಿದ್ದಿ ಹಿಂದಿರುಗಿಸಿದರೆ, 14 ಬರುವ ಹುಡುಗ ಅಲ್ಲೇ ಎಚ್ಚೆತ್ತುಕೊಳ್ಳುತ್ತಾನೆ. ಹಿಂದಿನ ವರ್ಷದ ಒಂದು ಒಳ್ಳೆಯ ಉತ್ತರ, ಒಂದು ಕೆಟ್ಟ ಉತ್ತರ – ಹೆಸರು ಅಳಿಸಿ ಎರಡನ್ನೂ ಗೋಡೆಗೆ ಅಂಟಿಸಿದರೆ ಹತ್ತು ಭಾಷಣಗಳ ಕೆಲಸ ಆಗುತ್ತದೆ. ಪಾಸಾಗುವ ಲೆಕ್ಕ, ಹಾಜರಾತಿಯ ಲೆಕ್ಕ ಒಂದೇ ಪುಟದಲ್ಲಿ ಕನ್ನಡದಲ್ಲಿ ಅಚ್ಚಾಗಿ ಅಡ್ಮಿಷನ್ ದಿನವೇ ಪೋಷಕರ ಕೈ ಸೇರಲಿ. ತಡವಾಗಿ ಬಂದವರಿಗೆ ಶನಿವಾರ ಮಧ್ಯಾಹ್ನ ಇನ್ನೊಂದು ಇಂಡಕ್ಷನ್ ಇರಲಿ, ಹಾರವಿಲ್ಲದ್ದು.

ಮೆಂಟರ್ ಮೇಷ್ಟ್ರು ಕೇಳಬೇಕಾದ ಪ್ರಶ್ನೆ ‘ಏನಾದರೂ ಸಮಸ್ಯೆ ಇದೆಯಾ?’ ಎಂಬುದಲ್ಲ. ಅದಕ್ಕೆ ಎಲ್ಲರೂ ‘ಇಲ್ಲ ಸರ್’ ಎನ್ನುತ್ತಾರೆ. ‘ನಿನ್ನೆ ಸಂಜೆ ಏನು ಓದಿದೆ, ಎಲ್ಲಿ ನಿಂತಿತು, ತೋರಿಸು’ ಎಂದರೆ ನೋಟ್‌ಬುಕ್ಕೇ ಮಾತಾಡುತ್ತದೆ. ಓದಿನ ಸೋಲು ಮನಸ್ಸಿಗಿಳಿದು ನಿದ್ದೆ, ಊಟ ಕೆಟ್ಟಿದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಕನ್ನಡದಲ್ಲೇ ಮಾತಾಡಬಹುದು, ಹಗಲಿರುಳೂ ಸಿಗುತ್ತದೆ, ಹಣ ಕೊಡಬೇಕಿಲ್ಲ.

ಇನ್ನು ಮನೆಯವರು. ಮಗ, ಮಗಳು ಓದುವ ವಿಷಯ ತಮಗೆ ತಿಳಿಯದು ಎಂದು ಎಷ್ಟೋ ಅಪ್ಪ-ಅಮ್ಮಂದಿರು ಹಿಂಜರಿಯುತ್ತಾರೆ. ಊಟ ವಿಚಾರಿಸಿ, ಅಂಕ ವಿಚಾರಿಸಿ ಫೋನಿಡುತ್ತಾರೆ. ವಿಷಯ ತಿಳಿಯಬೇಕಿಲ್ಲ. ಇವತ್ತು ರಾತ್ರಿ ಒಂಬತ್ತಕ್ಕೆ ಫೋನು ಮಾಡಿದಾಗ ‘ಓದ್ತಾ ಇದ್ದೀಯಾ?’ ಎಂದು ಕೇಳುವ ಬದಲು ‘ಯಾರ ಜೊತೆ ಓದ್ತಾ ಇದ್ದೀಯಾ?’ ಎಂದು ಕೇಳಿ ನೋಡಿ. ‘ಯಾರೂ ಇಲ್ಲ’ ಎಂಬ ಉತ್ತರ ಬಂದರೆ, ಬ್ಲೂ ಬುಕ್ ಕೈಗೆ ಬರುವವರೆಗೆ ಕಾಯಬೇಡಿ. ಮುಂದಿನ ವಾರ ಚಕ್ಕುಲಿ, ಕೋಡುಬಳೆ ಕಟ್ಟಿಕೊಂಡು ಹಾಸ್ಟೆಲಿಗೆ ಒಮ್ಮೆ ಹೋಗಿ ಬನ್ನಿ. ನಾಲ್ಕು ಜನಕ್ಕೆ ಸಾಕಾಗುವಷ್ಟು ಒಯ್ಯಿರಿ.